ಮಹಡಿಯ ಮೇಲೊಂದು ‘ನೋಡೋಣ’

ಎರಡು ಸಾವಿರದ ಐದನೆಯ ಇಸವಿಯಲ್ಲಿ ಇಡೀ ಹೈದರಾಬಾದಿನ ಸಾಫ್ಟ್‌ವೇರ್ ನನ್ನ ಹತ್ತು ಬೆರಳುಗಳ ಮೇಲೆ ನಿಂತಿತ್ತು. ಸೇಡಂನ ಈ ಸೂರ್ಯಕಾಂತ ಕೀಬೋರ್ಡ್ ಮುಟ್ಟಿದರೆ ಮಾದಾಪುರದ ದೀಪಗಳೆಲ್ಲ ಒಮ್ಮೆ ಮಂಕಾಗಿ ಮತ್ತೆ ಉರಿಯುತ್ತಿದ್ದವು. ಅಂಥ ನನಗೆ ಟೀಮ್ ಲೀಡರ್ ಪಟ್ಟವೊಂದು ಬಾಕಿ. ಅದನ್ನು ಕಟ್ಟಬೇಕಾದವನು ಹಾಲೆಂಡಿನಿಂದ ಬಂದ ಮ್ಯಾನೇಜರ್ ವಿಲ್ಲೆಮ್, ಲಿಫ್ಟಿನಲ್ಲಿ ಮಡಚಿಕೊಂಡು ನಿಲ್ಲಬೇಕಾದಷ್ಟು ಉದ್ದದ ಮನುಷ್ಯ.

ಒಂದು ಸೋಮವಾರ ಅವನು ಕೇಳಿದ: “ಶುಕ್ರವಾರಕ್ಕೆ ಕೆಲಸ ಮುಗಿಯುತ್ತದಾ?”

“ನೋಡೋಣ” ಎಂದೆ, ಶುದ್ಧ ಇಂಗ್ಲಿಷಿನಲ್ಲಿ.

ಬೀದರಿನಿಂದ ಬೆಜವಾಡದವರೆಗೆ ತೊಟ್ಟಿಲ ಕೂಸಿಗೂ ಗೊತ್ತು, ನೋಡೋಣ ಎಂದರೆ ಆಗುವುದಿಲ್ಲ ಎಂದು. ಎದುರಿಗಿದ್ದವರಿಗೆ ಇಲ್ಲ ಎನ್ನಲು ನಾಲಿಗೆ ಬಾರದೆ ಆ ಇಲ್ಲಕ್ಕೊಂದು ಶಾಲು ಹೊದಿಸುತ್ತೇವೆ, ಅಷ್ಟೆ. ವಿಲ್ಲೆಮ್ ಶಾಲನ್ನೇ ನಂಬಿ ಗಿರಾಕಿಗೆ ಮಾತು ಕೊಟ್ಟುಬಿಟ್ಟ. ಶುಕ್ರವಾರ ಬಂತು, ಕೆಲಸ ಮುಗಿದಿರಲಿಲ್ಲ.

ಮೀಟಿಂಗಿನಲ್ಲಿ, ಇಡೀ ಟೀಮಿನ ಎದುರು ಅವನೆಂದ: “ಸೂರ್ಯಕಾಂತ, ನೀನು ಸುಳ್ಳು ಹೇಳಿದೆ. ಇನ್ನು ಮೇಲೆ ‘ಹೌದು’ ಅಥವಾ ‘ಇಲ್ಲ’, ಎರಡೇ. ಮಾತಿನ ಹಿಂದಿನ ಅರ್ಥ ನನಗೆ ಬೇಡ. ಪದ ಮಾತ್ರ ಸಾಕು.”

ನನ್ನ ಕಿವಿಯಿಂದ ಎದ್ದ ಹೊಗೆಗೆ ಎ.ಸಿ. ಕೆಟ್ಟಿತು. ಆದರೆ ನನ್ನನ್ನು ನಿಜಕ್ಕೂ ಸುಟ್ಟದ್ದು ಅದಲ್ಲ. ಮಧ್ಯಾಹ್ನ ಊಟಕ್ಕೆ ಕೂತರೆ, ಈ ಮನುಷ್ಯ ಏನೂ ಆಗಿಲ್ಲವೆಂಬಂತೆ ಪಕ್ಕದಲ್ಲಿ ಬಂದು ಕೂತು ನನ್ನ ಶೇಂಗಾ ಚಟ್ನಿ ಕೇಳಿದ! ಅವರ ಊರಿನಲ್ಲಿ ಬೈಗುಳ ಕೆಲಸಕ್ಕೆ, ಮನುಷ್ಯನಿಗಲ್ಲವಂತೆ. ನಮ್ಮಲ್ಲಿ ಮರ್ಯಾದೆ ತೆಗೆದವನು ಅದೇ ದಿನ ಚಟ್ನಿ ಕೇಳುವುದಿಲ್ಲ. ಇವನು ಡಬ್ಬಿಯನ್ನೇ ಖಾಲಿ ಮಾಡಿದ. ಅವನ ಪದಗಳನ್ನೇ ಅವನಿಗೆ ಉಣಿಸುತ್ತೇನೆಂದು ಅಲ್ಲೇ ಶಪಥ ಮಾಡಿದೆ.

ಬೇಸಿಗೆಯಲ್ಲಿ ಅವಕಾಶ ತಾನಾಗಿ ಬಂತು. ಆಮ್‌ಸ್ಟರ್‌ಡಾಮಿನಿಂದ ಅವನ ದೊಡ್ಡ ಸಾಹೇಬ ಬರುವವನಿದ್ದ. ಮಣಿಕೊಂಡದ ತನ್ನ ಬಾಡಿಗೆ ಮನೆಯ ಮಹಡಿಯ ಮೇಲೆ ಶನಿವಾರ ಸಂಜೆ ಔತಣ ಮಾಡಬೇಕೆಂದು ವಿಲ್ಲೆಮ್‌ನ ಆಸೆ. ಅದೇ ಕಟ್ಟಡದ ಕೆಳಗಿನ ಮನೆಯಲ್ಲಿದ್ದ ಮಾಲೀಕ ಕಲ್ಯಾಣಪ್ಪ, ಹುಮನಾಬಾದಿನ ಬೇಳೆ ವ್ಯಾಪಾರಿ, ಇಂಗ್ಲಿಷ್ ಬಾರದವರು. ದುಭಾಷಿಯಾಗಿ ನಾನು ಹೋದೆ.

ಅವರ ಹಜಾರದಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಮೂಟೆಗಳು ಸೂರಿನವರೆಗೆ ಕೂತಿದ್ದವು. ಕಲ್ಯಾಣಪ್ಪ ಅವುಗಳತ್ತ ನೋಡಿದರು, ಅಡುಗೆಮನೆಯತ್ತ ನೋಡಿದರು, ಗಲ್ಲ ಕೆರೆದುಕೊಂಡರು. “ಶನಿವಾರಾನ? ನೋಡೂಣ್ರಿ ಸಾಹೇಬ್ರ, ಆಗ್ತೈತಿ ತಗೋರಿ. ಮದ್ಲ ಚಹಾ ಕುಡೀರಿ.”

‘ಮದ್ಲ ಚಹಾ’ ಬಂತೆಂದರೆ ಆ ಇಲ್ಲಕ್ಕೆ ಬೀಗವೂ ಬಿದ್ದಂತೆ.

“ಏನಂದರು?” ಎಂದ ವಿಲ್ಲೆಮ್.

“ನೋಡೋಣ, ಆಗುತ್ತದೆ, ಮೊದಲು ಚಹಾ ಕುಡಿಯಿರಿ ಅಂದರು.”

“ಅಂದರೆ ಹೌದು?”

“ಪದ ಮಾತ್ರ ಸಾಕು ಅಂದಿದ್ದಿರಿ ಸಾರ್. ಆಗುತ್ತದೆ ಅನ್ನೋ ಪದ ಇತ್ತು.”

ಅವನು ತೃಪ್ತಿಯಿಂದ ಚಹಾ ಕುಡಿದ. ಒಪ್ಪಿದ ಮಾತನ್ನು ಮತ್ತೆ ಕೇಳುವುದು ಅವರಲ್ಲಿ ಅವಮಾನವಂತೆ. ಮತ್ತೆ ಕೇಳಲೇ ಇಲ್ಲ. ನನಗೆ ಆ ಚಹಾ ಅಮೃತಕ್ಕಿಂತ ಒಂದು ಚಮಚ ಹೆಚ್ಚು ಸಿಹಿಯಾಗಿತ್ತು.

ಶನಿವಾರ ಸಂಜೆ ಆಫೀಸಿನಿಂದ ನೇರವಾಗಿ ಬಂದು, ದೊಡ್ಡ ಸಾಹೇಬ ಸೂಟು ಹಾಕಿ ಮುಂದೆ, ವಿಲ್ಲೆಮ್ ಹಿಂದೆ, ನಾವೆಲ್ಲ ಸಾಲಾಗಿ ಮೆಟ್ಟಿಲು ಹತ್ತಿದೆವು. ಮಹಡಿ ಕೆಂಪು ಸಮುದ್ರವಾಗಿತ್ತು. ನಡುವೆ ಕಲ್ಯಾಣಪ್ಪನವರ ಹೆಂಡತಿ ಶರಣಬಸಮ್ಮ ಇನ್ನಿಬ್ಬರು ಹೆಂಗಸರೊಂದಿಗೆ ಒನಕೆ ಹಿಡಿದು ವರ್ಷದ ಖಾರ ಕುಟ್ಟುತ್ತಿದ್ದರು.

“ಏ, ಚಪ್ಪಲಿ ಬಿಡ್ರೋ! ಖಾರ ಕುಟ್ಟಾಕತ್ತೀವಿ, ಕಣ್ಣು ಕಾಣೂದಿಲ್ಲೇನು?”

ದೊಡ್ಡ ಸಾಹೇಬನ ಮೊದಲ ಸೀನಿಗೆ ಹಿಮಾಯತ್‌ನಗರದ ಅಂಗಡಿಗಳ ಶಟರ್ ತಾವಾಗಿ ಇಳಿದವು. ಎರಡನೆಯದಕ್ಕೆ ಹುಸೇನ್‌ಸಾಗರದಲ್ಲಿ ಅಲೆ ಎದ್ದಿತು. ಮೂರನೆಯದು ಬರುವಷ್ಟರಲ್ಲಿ ಅವನು ಕಾರಿನಲ್ಲಿದ್ದ. ನನ್ನ ಎದೆ ಗೋಲ್ಕೊಂಡಾ ಕೋಟೆಯಷ್ಟು ಅಗಲವಾಯಿತು.

ವಿಲ್ಲೆಮ್ ಕಣ್ಣೀರು ಸುರಿಸುತ್ತ ಕೂಗಿದ: “ಆಗುತ್ತದೆ ಅಂದಿದ್ದರಲ್ಲ!”

ಅದನ್ನು ಕನ್ನಡಕ್ಕೆ ತಂದವಳು ಆ ಮನೆಯ ಮಗಳು ಪಿಂಕಿ, ನಾರಾಯಣಗೂಡದಲ್ಲಿ ಕಾಲೇಜು ಓದುವವಳು. ಇಂಥ ಹುಡುಗಿಯೊಬ್ಬಳು ಮನೆಯಲ್ಲಿದ್ದಾಳೆಂದು ನನ್ನಂಥ ಚಾಣಾಕ್ಷನಿಗೂ ಹೊಳೆದಿರಲಿಲ್ಲ.

ಶರಣಬಸಮ್ಮ ಒನಕೆ ನಿಲ್ಲಿಸಿದರು. “ನಮ್ಮನಿಯವ್ರು ನೋಡೂಣ ಅಂದಾರ. ನೋಡೂಣ ಅಂದ್ರ ಇಲ್ಲ ಅಂತ. ಅಲ್ಲಿ ಹಲ್ಲು ಕಿಸಕೊಂಡು ನಿಂತಾನಲ್ಲ ಸೇಡಂದಾಂವ, ಅವಗ ಗೊತ್ತಿಲ್ಲೇನು? ಹೇಳವ್ವಾ ಪಿಂಕಿ!”

ಆ ಹುಡುಗಿ ಪದ ಮಾತ್ರ ಹೇಳಲಿಲ್ಲ. ಅರ್ಥ ಹೇಳಿದಳು, ನನ್ನ ಹಲ್ಲನ್ನೂ ಸೇರಿಸಿ ಹೇಳಿದಳು. ವಿಲ್ಲೆಮ್ ನನ್ನನ್ನೇ ನೋಡುತ್ತ ನಿಂತ. ಅವನ ಕಣ್ಣು ಕೆಂಪಾಗಿದ್ದದ್ದು ಖಾರಕ್ಕೋ ನನ್ನ ಮೇಲಿನ ಸಿಟ್ಟಿಗೋ, ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗೆದ್ದವನಿಗೆ ಅಂಥ ಸಣ್ಣಪುಟ್ಟದ್ದೆಲ್ಲ ಕಾಣುವುದಿಲ್ಲ.

ಸೋಮವಾರ ಎದೆಯುಬ್ಬಿಸಿ ಅವನ ಕ್ಯಾಬಿನ್ನಿಗೆ ಹೋದೆ. “ಸಾರ್, ಲೀಡರ್ ವಿಷಯ...”

ಅವನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಎದ್ದು ಬಂದ, ಹೆಗಲ ಮೇಲೆ ಕೈಯಿಟ್ಟ. ಹಾಲೆಂಡ್ ಹುಟ್ಟಿದಾಗಿನಿಂದ ಅಲ್ಲಿ ಯಾರೂ ನಕ್ಕಿರದಂಥ ಮೆತ್ತನೆಯ ನಗು ನಕ್ಕ.

“ನೋಡೂಣ್ರಿ ಸೂರ್ಯಕಾಂತ, ಆಗ್ತೈತಿ ತಗೋರಿ.”

ಉಚ್ಚಾರದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಪಿಂಕಿ ಚೆನ್ನಾಗಿ ಕಲಿಸಿದ್ದಳು. ಆಮೇಲೆ ಮೇಜಿನ ಮೇಲಿದ್ದ ಕಪ್ಪನ್ನು ನನ್ನತ್ತ ಮೆಲ್ಲಗೆ ಸರಿಸಿದ.

“ಮದ್ಲ ಚಹಾ ಕುಡೀರಿ.”