ನಾಯಿಗಳ ಮುದ್ದೆ

ಅಕೇಯೊ ಅಂಗಳದ ಒಲೆಯ ಮುಂದೆ ಕೂತು ನಾಯಿಗಳಿಗೆ ಮುದ್ದೆ ತೊಳಸುತ್ತಿದ್ದಳು. ಮೆಕ್ಕೆಜೋಳದ ಹಿಟ್ಟು, ಸರೋವರದ ಒಣಮೀನು, ಒಂದಿಷ್ಟು ಕರುಳಿನ ಚೂರು. ಗಂಡ ಬದುಕಿದ್ದಾಗ, ನನ್ನ ತಟ್ಟೆಗಿಂತ ನಾಯಿಯ ತಟ್ಟೆಯೇ ಘಮ್ಮೆನ್ನುತ್ತದೆ ಎಂದು ಗೊಣಗುತ್ತಿದ್ದ. ಈಗ ಅದೇ ಅಂಗಳದ ಮೂಲೆಯಲ್ಲಿ, ಮಣ್ಣಿನಡಿ ತೆಪ್ಪಗೆ ಮಲಗಿದ್ದ.

ಬೇಲಿಯ ಬಳಿ ಮುದಿನಾಯಿ ರಪುಡೊ ಒಮ್ಮೆ ಬೊಗಳಿತು. ಮುಂದಿನ ಬೊಗಳು ಅರ್ಧಕ್ಕೇ ತುಂಡಾಯಿತು. ಮೈದುನ ಒಕುಂಬೊ ಒಳಗೆ ಬಂದ. ಅವನ ಮಚ್ಚಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಅತ್ತಿಗೇ, ಇದೇ ಕೊನೆ. ಅಣ್ಣ ಸತ್ರೆ ಅವನ ಹೆಂಡ್ತಿ ತಮ್ಮನಿಗೆ. ನಮ್ಮಲ್ಲಿ ನಡ್ಕೊಂಡು ಬಂದಿದ್ದೇ ಹಾಗೆ. ನನ್ನ ಒಳಗೆ ಕರ್ಕೊ, ಇಲ್ಲಾ ಹೊತ್ತು ಮುಳುಗೋದ್ರೊಳಗೆ ಮನೆ ಬಿಡು."

"ನಿಮ್ಮಣ್ಣ ಅಲ್ಲೇ ಮಲಗಿದಾನೆ, ಎಬ್ಬಿಸಿ ಕೇಳು. ಅವನು ಹೂಂ ಅಂದ್ರೆ ನಂದೂ ಹೂಂ."

ಮಚ್ಚಿನ ಹಿಡಿ ದವಡೆಗೆ ಬಿತ್ತು. ಅಕೇಯೊ ಒಂದು ಹಲ್ಲು ಉಗುಳಿದಳು. ಅವನು ಪಾತ್ರೆಯನ್ನು ಒದ್ದ. ಕುದಿಯುವ ಮುದ್ದೆ ಅವನ ಕಾಲಿಗೇ ಸಿಡಿಯಿತು. ಕುಣಿದಾಡಿ ಆ ಸಿಟ್ಟಿಗೆ ಅವಳ ಪಕ್ಕೆಗೊಂದು ಒದ್ದ.

ಉಳಿದೆರಡು ನಾಯಿಗಳು ಆ ಹೊತ್ತಿಗೆ ದಡದಲ್ಲಿ ದೋಣಿಗಳ ಸುತ್ತ ಮೀನು ಮೂಸುತ್ತಿರುತ್ತವೆಂದು ಲೆಕ್ಕ ಹಾಕಿಯೇ ಅವನು ಬಂದಿದ್ದ. ಅವು ಊಟಕ್ಕೆ ಬರುವುದು ಅವಳು ಸೌಟಿನಿಂದ ಪಾತ್ರೆ ಬಡಿದು ಕೂಗಿದ ಮೇಲೇ. ಆ ಕೂಗನ್ನು ಅಣಕಿಸುವುದರಲ್ಲಿ ಒಕುಂಬೊನನ್ನು ಮೀರಿಸುವವರಿರಲಿಲ್ಲ. ಹೆಂಡದ ಮಡಕೆಯ ಸುತ್ತ ಕೂತವರು ಅದನ್ನೇ ಕೇಳಿ ಕೇಳಿ ಮಾಡಿಸುತ್ತಿದ್ದರು.

"ಈಗ ಕರಿಯೇ ನಿನ್ನ ಮಕ್ಕಳನ್ನ!" ಎಂದು ನಕ್ಕ. ಸೌಟೆತ್ತಿ ಖಾಲಿ ಪಾತ್ರೆಗೆ ಬಡಿದ. ಟಣ್ ಟಣ್ ಟಣ್. ಕುತ್ತಿಗೆ ಕೊಂಕಿಸಿ, ಥೇಟು ಅವಳ ದನಿಯಲ್ಲಿ ರಾಗ ಎಳೆದ: "ಬನ್ರೋ, ಬನ್ರೋ, ನನ್ನ ರಾಜರಾ! ಮುದ್ದೆ ಆರ್ತದೆ, ಬನ್ರೋ!"

ಅವನು ಇಷ್ಟು ಚೆನ್ನಾಗಿ ಹಿಂದೆಂದೂ ಕೂಗಿರಲಿಲ್ಲ.

ಬೇಲಿ ಹಾರಿ ಬಂದವು ಕ್ವಾಚ್ ಮತ್ತು ಸಿಬೂರ್. ಬೇಲಿಯ ಬುಡದಲ್ಲಿ ಸತ್ತ ಜೊತೆಗಾರ, ನೆಲದಲ್ಲಿ ನೆತ್ತರು ಬಾಯಿಯ ಒಡತಿ, ಮೀನು ನಾರುವ ಎರಡು ಕಾಲು. ಮಚ್ಚು ಎತ್ತುವ ಮೊದಲೇ ಅವನ ಕೈ ಕ್ವಾಚ್‌ನ ಬಾಯಲ್ಲಿತ್ತು. ಸಿಬೂರ್ ಮೀನಖಂಡಕ್ಕೆ ಹಲ್ಲು ಊರಿ ಕೊಡವಿತು. ಚರ್ಮ ಬಟ್ಟೆಯಂತೆ ಹರಿಯಿತು.

"ಅತ್ತಿಗೇ! ಕರಿಯೇ ಅವನ್ನ!"

"ಯಾಕೆ, ನೀನೇ ಕರೆದ್ಯಲ್ಲ. ನೀನೇ ಕಳಿಸು."

"ಸಾಯ್ತೀನಮ್ಮಾ! ಬೆರಳು... ನನ್ನ ಬೆರಳು!"

"ಮನೆ?"

"ನಿಂದೇ! ಈ ಬೇಲಿ ದಾಟಲ್ಲ! ಅಣ್ಣನ ಗೋರಿ ಆಣೆ!"

ಅವಳು ಅವಸರಪಡಲಿಲ್ಲ. ಪಕ್ಕೆ ಹಿಡಿದು ಎದ್ದಳು, ಸೌಟು ಹುಡುಕಿದಳು, ಪಾತ್ರೆ ನೆಟ್ಟಗಿಟ್ಟು ಬಡಿದಳು. ಆಗ ನಾಯಿಗಳು ಬಿಟ್ಟು ಬಂದು ಒಲೆಯ ಪಕ್ಕ ಕೂತವು. ಒಕುಂಬೊ ತೆವಳುತ್ತ ಹೋದ. ಎರಡು ಬೆರಳು ಅಲ್ಲೇ ಉಳಿದವು.

ಅಕೇಯೊ ರಪುಡೊನನ್ನು ಗಂಡನ ಪಕ್ಕದಲ್ಲಿ ಹೂತಳು. ನಾಯಿಗಳ ಮೂತಿ ತೊಳೆದಳು. ಮತ್ತೆ ನೀರಿಟ್ಟು ಎಂದಿನಷ್ಟೇ ಹಿಟ್ಟು ಸುರಿದಳು, ಒಣಮೀನೂ ಹಾಕಿದಳು.

ಮಾಂಸ ಮಾತ್ರ ಹಾಕಲಿಲ್ಲ. ಅದು ಅವಕ್ಕೆ ಆಗಲೇ ಸಿಕ್ಕಿತ್ತು.