ಚಿಲಕವಿಲ್ಲದ ಬಾಗಿಲು

"ಚಿಕ್ಕಪ್ಪಾ, ತೆಗೀಬೇಡಿ! ಕೈ ಬಿಡಿ ಅದನ್ನ!"

ಮಗಳು ಕೂಗಿದ ರಭಸಕ್ಕೆ, ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದ ಮಂಚದ ಸುತ್ತ ಕೂತವರೆಲ್ಲ ತಲೆಯೆತ್ತಿದರು. ಚಿಕ್ಕಪ್ಪನ ಹೆಬ್ಬೆರಳು ಹಳೆಯ ಕ್ಯಾಮೆರಾದ ಬೆನ್ನಿನ ಕೊಂಡಿಯ ಮೇಲೇ ನಿಂತಿತು. ಇನ್ನೊಂದು ಚೂರು ಒತ್ತಿದ್ದರೆ ಎಲ್ಲ ಮುಗಿದೇಹೋಗುತ್ತಿತ್ತು.

"ಅಯ್ಯೋ, ನಾನೇನು ನುಂಗಿಬಿಡ್ತೀನಾ? ಒಳಗೆ ಫೋಟೋ ಇದೆಯೇನೋ ಅಂತ ನೋಡ್ತಿದ್ದೆ."

"ಇದೆ. ಬೆಳಕು ಬಿದ್ರೆ ಇರಲ್ಲ."

ಪಾಪ, ಚಿಕ್ಕಪ್ಪನ ತಪ್ಪೇನಿರಲಿಲ್ಲ. ಹನ್ನೆರಡಕ್ಕೆ ಅಪ್ಪನನ್ನು ಸ್ಮಶಾನಕ್ಕೆ ಒಯ್ಯಲು ವ್ಯಾನು ಬರುವುದಿತ್ತು. ತಲೆಯ ಹತ್ತಿರ ಇಡಲು ಒಂದು ಫೋಟೋ ಬೇಕೆಂದು ಬೆಳಿಗ್ಗೆಯಿಂದ ಮನೆಯೆಲ್ಲ ಜಾಲಾಡಿದ್ದರು. ನಲವತ್ತು ವರ್ಷ ಸ್ಟುಡಿಯೋ ನಡೆಸಿ ಊರವರ ಮುಖವನ್ನೆಲ್ಲ ಹಿಡಿದಿಟ್ಟ ಮನುಷ್ಯನದು ಸಿಕ್ಕಿದ್ದು ಒಂದೇ, ಗುರುತಿನ ಚೀಟಿಯದು. ಅದರಲ್ಲೂ ಒಂದು ಕಣ್ಣಿನ ಮೇಲೆ ಸರಿಯಾಗಿ ಮುದ್ರೆ ಕೂತಿತ್ತು.

"ಹೋದ ಭಾನುವಾರ ನನ್ನ ಕುರ್ಚಿ ಮೇಲೆ ಕೂರಿಸಿ ತೆಗೆದ್ರು," ಎಂದಳು ಅಮ್ಮ. "ಗುಂಡಿ ಒತ್ತೋದು, ಓಡಿಬಂದು ನನ್ನ ಪಕ್ಕ ನಿಲ್ಲೋದು. ಆ ವಯಸ್ಸಿಗೆ! ರೀಲಿನ ಹನ್ನೆರಡು ಫೋಟೋನೂ ಮುಗಿಸಿ, ಆಮೇಲೆ ತೊಳೀತೀನಿ ಅಂದ್ರು. ಅದರಲ್ಲಿದ್ದಾರೆ ಅವರು."

"ಮುಚ್ಚಳ ತೆಗೆದಿದ್ರೆ ತಾನೆ!" ಎಂದ ಸ್ಟುಡಿಯೋ ಪಕ್ಕದ ಅಂಗಡಿಯ ದರ್ಜಿ. ಮೂರು ನಾಲ್ಕು ಜನ ನಗಬಾರದೆಂದುಕೊಂಡೇ ನಕ್ಕರು. ದರ್ಜಿ ಕಣ್ಣೊರೆಸಿಕೊಂಡ. "ತಪ್ಪು ತಿಳೀಬೇಡಮ್ಮ. ನನ್ನ ಗೆಳೆಯನೇ. ಒಂದಿಡೀ ಮದುವೆ ಲೆನ್ಸಿಗೆ ಮುಚ್ಚಳ ಹಾಕ್ಕೊಂಡೇ ತೆಗೆದೋನು! ಅವತ್ತಿಂದ ಮುಚ್ಚಳ ಮಾಸ್ಟರ್ ಅಂತಲೇ ಕರೆದ್ವಿ. ಒಂದಿನ ಸಿಟ್ಟು ಮಾಡ್ಕೊಳ್ಳಲಿಲ್ಲ, ಪುಣ್ಯಾತ್ಮ."

ಮಗಳು ಚಿಕ್ಕಪ್ಪನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು, "ನಾನು ತೊಳೀತೀನಿ," ಎಂದಳು.

"ನೀನಾ? ಆ ಕತ್ತಲೆಕೋಣೆಗೆ ಕಾಲಿಟ್ಟು ಎಷ್ಟು ವರ್ಷ ಆಯ್ತೇ?" ಎಂದಳು ಅಮ್ಮ.

"ಇಪ್ಪತ್ತಾರು."

* * *

ಆಗ ಅವಳಿಗೆ ಹನ್ನೊಂದು. ಮನೆಯ ಹಿಂಬದಿಯ ಕತ್ತಲೆಕೋಣೆಯ ಬಾಗಿಲನ್ನು ಧಡಾರನೆ ತೆರೆದು, "ಅಪ್ಪಾ, ಊಟಕ್ಕೆ!" ಎಂದಿದ್ದಳು. ಅಪ್ಪನ ಕೈಯಲ್ಲಿ ಮದುವೆಯ ಫಿಲ್ಮು ಅರ್ಧ ಸುತ್ತಿತ್ತು, ಇನ್ನರ್ಧ ನೇತಾಡುತ್ತಿತ್ತು. ಅಪ್ಪ ಬೈಯಲಿಲ್ಲ. ಫಿಲ್ಮನ್ನು ನೋಡಿದ, ಮಗಳನ್ನು ನೋಡಿದ, "ಹಸಿವಾಯ್ತಾ? ನಡಿ," ಎಂದ.

ಎರಡು ದಿನದ ಮೇಲೆ ಮದುವೆಯವರು ಬಂದು ಹಾರಾಡಿದಾಗ ಅವಳು ಸ್ಟುಡಿಯೋದ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಳು. ಅಪ್ಪ ಕೈಮುಗಿದು, "ಲೆನ್ಸಿನ ಮುಚ್ಚಳ ತೆಗೆಯೋದೇ ಮರೆತುಬಿಟ್ಟೆ," ಎಂದ. ನೋಡುವ ಕಣ್ಣು ಬೇರೆ, ಹಿಡಿಯುವ ಕಣ್ಣು ಬೇರೆ ಇದ್ದ ಕ್ಯಾಮೆರಾ ಅದು, ಮುಚ್ಚಳ ಹಾಕಿದ್ದರೂ ತೆಗೆಯುವವನಿಗೆ ಗೊತ್ತಾಗುವುದಿಲ್ಲ. ಅವರು ನಂಬಿದರು. ಆದರೆ ಮುಚ್ಚಳ ತೆಗೆಯದ ಫಿಲ್ಮು ಖಾಲಿ ಗಾಜಿನ ಹಾಗೆ ಬರುತ್ತದೆ, ಬೆಳಕು ಬಿದ್ದದ್ದು ಕರ್ರಗೆ ಬರುತ್ತದೆ ಎಂದು ಮಗಳಿಗೆ ಕಲಿಸಿದವನು ಅವನೇ. ಕಸದ ಬುಟ್ಟಿಯಲ್ಲಿದ್ದ ಫಿಲ್ಮು ಕರ್ರಗಿತ್ತು.

ಆಮೇಲೆ ಅವಳು ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಕಪಾಟು ಮಾಡಲು ಬಂದ ಬಡಗಿ, ಈ ಬಾಗಿಲಿಗೊಂದು ಒಳಚಿಲಕ ಹಾಕಲೇ ಎಂದು ಕೇಳಿದ್ದ. "ಬೇಡಪ್ಪ, ಮಗಳು ಬಂದ್ರೆ ಹೊರಗೆ ನಿಲ್ಲಬೇಕಾಗುತ್ತೆ," ಎಂದಿದ್ದ ಅಪ್ಪ.

ಸ್ಟುಡಿಯೋ ಮುಚ್ಚಿದ ಮೇಲೂ ಅವನ ಹುಚ್ಚು ಇಳಿಯಲಿಲ್ಲ. ಗುಜರಿಯಿಂದ ಹದಿನೇಳು ಹಳೆಯ ಕ್ಯಾಮೆರಾ ಹೊತ್ತು ತಂದ. ಅವಧಿ ಮುಗಿದ ಫಿಲ್ಮನ್ನು ಫ್ರಿಜ್ಜಿನಲ್ಲಿ ತರಕಾರಿಯ ಜೊತೆ ಇಟ್ಟು ಹೆಂಡತಿಯಿಂದ ಉಗಿಸಿಕೊಂಡ. "ಇದಕ್ಕೂ ಜೀವ ಇರುತ್ತೆ ಕಣೇ, ಔಷಧದಲ್ಲಿ ಎರಡು ನಿಮಿಷ ಜಾಸ್ತಿ ನೆನೆಸಬೇಕು ಅಷ್ಟೆ," ಎನ್ನುತ್ತಿದ್ದ.

* * *

ಕತ್ತಲೆಕೋಣೆಯ ಬಾಗಿಲು ಎಳೆದುಕೊಂಡ ಮೇಲೆ ಅವಳಿಗೆ ಚಿಲಕದ ನೆನಪಾಯಿತು. ಮನೆತುಂಬ ಜನ. ಯಾರು ಬೇಕಾದರೂ ತೆರೆಯಬಹುದು. ಅಷ್ಟರಲ್ಲಿ ಹೊರಗೆ ಯಾರೋ ಬಾಗಿಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತ ಸದ್ದಾಯಿತು.

"ಶುರು ಮಾಡು," ಎಂದಿತು ಅಮ್ಮನ ದನಿ. "ನಾನಿದ್ದೀನಿ."

ದೀಪ ಆರಿಸಿದಳು. ಫಿಲ್ಮಿನ ಬೆನ್ನ ಕಾಗದ ಬಿಡಿಸಿ ಅದರ ತುದಿಯನ್ನು ತೊಳೆಯುವ ಟ್ಯಾಂಕಿನೊಳಗಿನ ರಾಟೆಯ ಸಂದಿಗೆ ಕೂರಿಸಬೇಕು. ಬೆವರಿದ ಬೆರಳಿಗೆ ಅದು ಅಂಟಿಕೊಂಡಿತು. ಎರಡು ಸುತ್ತು ಹೋಗಿ ಸಿಕ್ಕಿಹಾಕಿಕೊಂಡಿತು. ಬಿಚ್ಚಿದಳು, ಮತ್ತೆ ಸುತ್ತಿದಳು. ಮತ್ತೆ ಸಿಕ್ಕಿಕೊಂಡಿತು.

"ವ್ಯಾನು ಬಂತು!" ಚಿಕ್ಕಪ್ಪ ಬಾಗಿಲು ಬಡಿದ. "ಡ್ರೈವರ್ ಕೂಗಾಡ್ತಿದ್ದಾನೆ. ಅತ್ತಿಗೆ, ಏಳಿ, ಎಳೇ ಮಗು ಹಾಗೆ ಆಡ್ಬೇಡಿ." ಹಿಡಿ ತಿರುಗಿತು.

"ನನ್ನ ತುಳಿದುಕೊಂಡು ಹೋಗು, ಹೋಗ್ತೀಯಾದ್ರೆ," ಎಂದಳು ಅಮ್ಮ.

ಚಿಕ್ಕಪ್ಪ ಗೊಣಗುತ್ತ ಹೋದ. ಅಮ್ಮ ಮೆಲ್ಲಗೆ, "ಅವತ್ತು ಊಟಕ್ಕೆ ಕರಿ ಅಂತ ನಿನ್ನ ಕಳಿಸಿದ್ದು ನಾನೇ ಕಣೇ," ಎಂದಳು.

ಮಗಳ ಕೈ ನಿಂತಿತು. "ಅಪ್ಪ ಹೇಳಿದ್ರಾ?"

"ಅವರೆಲ್ಲಿ ಹೇಳ್ತಾರೆ? ಕಸದ ಬುಟ್ಟಿ ಖಾಲಿ ಮಾಡಿದ್ದು ನಾನಲ್ವಾ, ಕರ್ರಗಿನ ಫಿಲ್ಮು ನೋಡ್ದೆ. ನೀನು ಸುತ್ತು, ಅಳ್ಬೇಡ. ಕೈ ಒದ್ದೆಯಾಗುತ್ತೆ."

ಸೀರೆಯ ಸೆರಗಿಗೆ ಬೆರಳೊರೆಸಿಕೊಂಡಳು. ಮೂರನೆಯ ಸಲ ಫಿಲ್ಮು ಸರಾಗವಾಗಿ ಒಳಗೆ ಹೋಯಿತು. ಟ್ಯಾಂಕಿನ ಮುಚ್ಚಳ ಭದ್ರವಾದ ಮೇಲೆಯೇ ದೀಪ ಹಾಕಿದಳು. ಔಷಧದ ಬಾಟಲಿಯ ಮೇಲೆ ಅಪ್ಪನ ಗುಂಡು ಅಕ್ಷರದಲ್ಲಿ ಎಷ್ಟು ನಿಮಿಷವೆಂದು ಬರೆದಿತ್ತು. ಅದಕ್ಕೆ ಎರಡು ನಿಮಿಷ ಸೇರಿಸಿದಳು. ಹೊರಗೆ ಹಾರ್ನು ಎರಡು ಸಲ ಕೂಗಿತು. ಅವಳು ಗಡಿಯಾರದಿಂದ ಕಣ್ಣು ಕೀಳಲಿಲ್ಲ.

ಕೊನೆಗೆ ಟ್ಯಾಂಕ್ ತೆರೆದಳು. ಕರ್ರಗಿದ್ದರೆ ತನ್ನ ತಪ್ಪು, ಖಾಲಿಯಿದ್ದರೆ ಅಪ್ಪನದು. ಎಳೆದಳು. ಎರಡೂ ಅಲ್ಲ.

* * *

ಒದ್ದೆ ಫಿಲ್ಮನ್ನು ಅವಳು ನಡುಮನೆಯ ಕಿಟಕಿಗೆ ಹಿಡಿದಳು. ಜನ ಎದ್ದು ಬಂದರು. ಬೆಳಕು ಕತ್ತಲೆಯೆಲ್ಲ ಅದಲುಬದಲಾದ ಪುಟ್ಟ ಚೌಕಗಳು.

"ಕೂದಲೆಲ್ಲ ಕಪ್ಪಾಗಿದೆ ನೋಡೇ ಅವರದು," ಎಂದು ಅಮ್ಮ ಅಳುತ್ತಲೇ ನಕ್ಕಳು.

ಮಗಳು ದರ್ಜಿಯ ಕಡೆ ತಿರುಗಿದಳು. "ಆ ಮದುವೆ ಫಿಲ್ಮಿಗೆ ಬೆಳಕು ಬಿಟ್ಟಿದ್ದು ನಾನು. ಬಾಗಿಲು ತೆಗೆದುಬಿಟ್ಟೆ. ಅಪ್ಪ ಮುಚ್ಚಳ ಮರೆತಿರಲಿಲ್ಲ."

ದರ್ಜಿ ಕನ್ನಡಕ ಏರಿಸಿಕೊಂಡು, ಫಿಲ್ಮಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಒಂದೊಂದೇ ಚೌಕ ನೋಡುತ್ತ ಹೋದ. ಮೊದಲ ಹನ್ನೊಂದರಲ್ಲೂ ಅಮ್ಮ ಕುರ್ಚಿಯಲ್ಲಿ ನಗುತ್ತಿದ್ದಳು. ಪಕ್ಕದಲ್ಲಿ ಒಂದು ಓಡುವ ಬೆನ್ನು, ಒಂದು ಮಸುಕಾದ ತೋಳು, ಅರ್ಧ ಕಾಲು. ಹನ್ನೆರಡನೆಯದರಲ್ಲಿ ಅಪ್ಪ ಸಮಯಕ್ಕೆ ಸರಿಯಾಗಿ ಬಂದು ಮುಟ್ಟಿದ್ದ. ಅಮ್ಮನ ಹೆಗಲ ಮೇಲೆ ಎಡಗೈ ಇಟ್ಟು, ಲೆನ್ಸಿನ ಮುಚ್ಚಳವನ್ನು ಬಲಗೈಯಲ್ಲಿ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದು ನಿಂತಿದ್ದ.