ಬ್ಲೇಡಿಗೊಂದು ಹೆಸರು

"ಇದು ಮೆಷಿನ್ ಕೆಲಸ ಅಲ್ಲ ಸಾರ್, ಕೈಯಲ್ಲಿ ಮಾಡಿದ್ದು!"

ಮರದ ಮಿಲ್ಲಿನ ಮೇಸ್ತ್ರಿ ಮೊಳದುದ್ದದ ಬಾಗಿಲ ಪಟ್ಟಿಯ ಮೇಲಿನ ಹಳೇ ಬಣ್ಣವನ್ನು ಕೆರೆದು ಕೆರೆದು, ಕೊನೆಗೆ ಉಗುರಿನಿಂದ ಗೀರಿನೊಳಗೂ ಕೆದಕಿ, ಕನ್ನಡಕವನ್ನು ಹಣೆಗೇರಿಸಿದ. "ಲೇ, ಬನ್ರೋ ಇಲ್ಲಿ! ಈ ಉಬ್ಬು, ಈ ತಗ್ಗು ನೋಡಿ. ಬೆಣ್ಣೆ ಕೊಯ್ದ ಹಾಗಿದೆ. ಇಂಥ ಕೈ ಈಗೆಲ್ಲಿ?"

ಗರಗಸದ ಹತ್ತಿರವಿದ್ದ ಇಬ್ಬರೂ ಬಂದು ಸವರಿ ನೋಡಿ ತಲೆದೂಗಿದರು. ಪಟ್ಟಿ ತಂದಿದ್ದ ಟೈಲರನಿಗೆ ಮೈಯೆಲ್ಲ ಉರಿಯಿತು. ಮದುವೆಯಾಗಿ ನಾಲ್ಕು ವರ್ಷದಿಂದ ಇದೇ ಪಾಡು. ಹೆಂಡತಿಯ ಮೊದಲ ಗಂಡ ಸತ್ತು ಏಳು ವರ್ಷವಾಗಿದ್ದರೂ ತಾನು ಕೆತ್ತಿದ ಪಟ್ಟಿಗಳಾಗಿ ಆ ಮನೆಯ ಪ್ರತಿ ಬಾಗಿಲ ಸುತ್ತ ನಿಂತೇ ಇದ್ದ. ಹೊಸ ಕೋಣೆಯೊಂದೇ ಟೈಲರ್ ಮುಂದೆ ನಿಂತು ಕಟ್ಟಿಸಿದ್ದು. ಅದಕ್ಕೂ ಅದೇ ಪಟ್ಟಿ ಬೇಕೆಂದು ಅವಳು ಒಂದು ತುಂಡು ಬಿಚ್ಚಿ, ಟವೆಲಿನಲ್ಲಿ ಕೂಸಿನ ಹಾಗೆ ಸುತ್ತಿ ಕೊಟ್ಟಿದ್ದಳು.

"ಯಾರು ಸಾರ್ ಮಾಡಿದ್ದು?"

"ನೆಂಟರು."

"ನಿಮಗೆ ಏನಾಗ್ಬೇಕು?"

ಅತ್ತಿಗೆಯ ಅಕ್ಕನ ಗಂಡನನ್ನು ಕರೆಯುವುದಕ್ಕೂ ಒಂದು ಮಾತು ಸಿಗುತ್ತದೆ. ಈ ಸಂಬಂಧಕ್ಕೆ ಸಿಗಲಿಲ್ಲ. "ದೂರದವರು ಬಿಡಿ," ಎಂದ. "ಇಷ್ಟೆಲ್ಲ ಯಾಕೆ? ಗೋಡೆ ಮೇಲೆ ಇಷ್ಟೊಂದು ನಮೂನೆ ಇದೆಯಲ್ಲ, ಅದರಲ್ಲೇ ಒಂದು ಕೊಡಿ."

"ಮನೆಯವರು ಏನಂದ್ರು?"

"ಇದೇ ಬೇಕಂತೆ."

"ಹಾಗಾದ್ರೆ ಗೋಡೆ ಕಡೆ ನೋಡ್ಲೇಬೇಡಿ. ರಾತ್ರಿ ಊಟ ಮಾಡ್ಬೇಕಾದೋರು ನೀವು!" ಮೇಸ್ತ್ರಿ ನಕ್ಕು, ದಪ್ಪ ಕಾಗದದ ಚೀಟಿ ತೆಗೆದ. "ಈ ಉಬ್ಬು-ತಗ್ಗು ಮೆಷಿನ್ನಲ್ಲಿ ಬರ್ಬೇಕಾದ್ರೆ ಇದಕ್ಕೆ ಅಂತಲೇ ಬ್ಲೇಡು ಮಸೀಬೇಕು. ಆಮೇಲೂ ಬೇಕಾಗತ್ತೆ ಅಂತ ಹೆಸರು ಬರೆದು, ಚೀಟಿ ಬ್ಲೇಡಿಗೆ ಕಟ್ಟಿ ಮೊಳೆಗೆ ಹಾಕಿಡ್ತೀವಿ. ಹೆಸರು?"

ಟೈಲರ್ ತಟ್ಟನೆ ತನ್ನ ಹೆಸರು ಹೇಳಿದ.

"ಆಯ್ತು. ಇನ್ಮೇಲೆ ಈ ಪಟ್ಟಿ ಅಂದ್ರೆ ನೀವೇ!"

ಆ ಖುಷಿ ಬಾಗಿಲವರೆಗೆ ಉಳಿಯಿತು. ಒಮ್ಮೆ ತಾನು ಹೊಲಿದ ಕೋಟಿನ ಕಾಲರಿನಲ್ಲಿ ಎದುರಂಗಡಿಯವನ ಹೆಸರಿನ ಪಟ್ಟಿ ಕಂಡು, ವಾರವಿಡೀ ಸಿಕ್ಕಸಿಕ್ಕವರ ಮುಂದೆ ಎಗರಾಡಿದ್ದ. 'ಕಳ್ಳ, ಶುದ್ಧ ಕಳ್ಳ' ಎಂದಿದ್ದ. ಕಾಲು ಮುಂದೆ ಹೋಗಲಿಲ್ಲ.

ಹಿಂದಿರುಗಿ ಬರುವಷ್ಟರಲ್ಲಿ ಮೆಷಿನ್ ಶುರುವಾಗಿತ್ತು. "ಹೆಸರು ತಪ್ಪಾಯ್ತು ರೀ!" ಎಂದು ಕೂಗಿದ. ಮೇಸ್ತ್ರಿ ಕಿವಿಗೆ ಕೈಯಿಟ್ಟು, ಕೇಳಿಸುತ್ತಿಲ್ಲವೆಂದು ತಲೆಯಾಡಿಸಿ, ಚೀಟಿಯನ್ನೂ ಪೆನ್ಸಿಲನ್ನೂ ಅವನ ಮುಂದೆ ಸರಿಸಿದ.

ಟೈಲರ್ ಚೀಟಿ ಮಗುಚಿದ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಬಾಯಲ್ಲಿ ಬಂದಿರದ ಹೆಸರು. ಗುಂಡಗೆ ಬರೆಯತೊಡಗಿದ. ಅರ್ಧ ಬರೆಯುವಷ್ಟರಲ್ಲೇ ಮರದ ಪುಡಿ ಹಾರಿಬಂದು ಅಕ್ಷರಗಳ ಮೇಲೆ ಕೂತಿತು. ಬಾಗಿ, ಊದಿ, ಉಳಿದದ್ದನ್ನು ಬರೆದ.